ಒಂಬತ್ತನೇ ಕುರ್ಚಿ

ಡಿಸೆಂಬರ್ 28, ಶನಿವಾರ

ಕ್ವಾರ್ಟರ್ಸ್ ಸಿಕ್ಕಿತು, ದಿಲ್ಲಿಯಲ್ಲಿ ನಮ್ಮಿಬ್ಬರದೇ ಎರಡು ಕೋಣೆಯ ಮನೆ, ಸಿಕ್ಕೇಬಿಟ್ಟಿತು! ಕಾಶಿನಾಥ ಫೋನ್ ಮಾಡಿದಾಗ ನಾನು ಹಿತ್ತಲಲ್ಲಿ ಎಮ್ಮೆಯ ಮುಂದೆ ಮೇವಿನ ಬುಟ್ಟಿ ಹಿಡಿದು ನಿಂತಿದ್ದೆ. ಬುಟ್ಟಿ ಅಲ್ಲೇ ಬಿಟ್ಟು ಕುಣಿದೆ. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಎಮ್ಮಿ ಬೆದರಿ ಸಂಜಿಗೆ ಹಾಲು ಬಿಡಲಿಲ್ಲಂದ್ರ ನಿನ್ನ ಗಂಡನ ಪಗಾರದಾಗ ಮುರಕೊಳ್ತೇನಿ ನೋಡು," ಅಂದರು. ಆಮೇಲೆ ತಾವೇ ಒಂದು ಚೂರು ಬೆಲ್ಲ ತಂದು ನನ್ನ ಬಾಯಿಗೆ ಹಾಕಿದರು.

ಶಾಲೆಯಲ್ಲಿದ್ದಾಗ ಡೈರಿ ಇಂಗ್ಲಿಷಿನಲ್ಲೇ ಬರೆಯುತ್ತಿದ್ದೆ, ಸಿಸ್ಟರ್‌ಗಳು ಹಾಗೆ ಕಲಿಸಿದ್ದರು. ಈ ಖುಷಿಗೆ ಆ ಇಂಗ್ಲಿಷ್ ಸಾಲುತ್ತಿಲ್ಲ. ಮದುವೆಯಾಗಿ ಎರಡು ತಿಂಗಳೂ ಆಗಿಲ್ಲ. ಅದರಲ್ಲಿ ಅರ್ಧ ಅವನು ಸೈನ್ಯದಲ್ಲಿ, ನಾನು ಮೂಡಲಗಿಯಲ್ಲಿ. ಫೆಬ್ರವರಿ ಮೊದಲ ವಾರ ರಜೆ ಹಾಕಿ ಬರುತ್ತಾನಂತೆ. ಎಂಟನೇ ತಾರೀಖು ಇಬ್ಬರೂ ಬೆಳಗಾವಿಯಿಂದ ರೈಲು ಹತ್ತುವುದು. ನಾನು ಬೆಳಗಾವಿಗೂ ಒಬ್ಬಳೇ ಹೋದವಳಲ್ಲ, ಇನ್ನು ದಿಲ್ಲಿ! ಅಡುಗೆಮನೆಯ ಗೋಡೆ ಯಾವ ಬಣ್ಣ ಅಂತ ಕೇಳಿದೆ. "ಗೋಡಿ ಬಣ್ಣನ ಐತಿ," ಅಂದ. ಇಂಥವನ ಮೇಲೆ ಇಷ್ಟು ಪ್ರೀತಿ ಹೇಗೆ ಬರುತ್ತದೋ.

ಜನವರಿ 2, ಗುರುವಾರ

ಇನ್ನೊಂದು ಖುಷಿ. ನಾನು ಓದಿದ ಗೋಕಾಕದ ಸಂತ ಅಗಾಥಾ ಶಾಲೆಯಿಂದ ಪ್ರಿನ್ಸಿಪಾಲ್ ಸಿಸ್ಟರ್ ಫೋನ್ ಮಾಡಿದ್ದರು. ಡ್ರಾಮಾ ಕ್ಲಬ್ ನಡೆಸುತ್ತಿದ್ದ ಸಿಸ್ಟರ್ ಬಿಬಿಯಾನಾ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಾರಂತೆ. ಈಗ ಹುಕ್ಕೇರಿಯ ಕಾನ್ವೆಂಟಿನಲ್ಲಿ ಮಲಗಿದ್ದಾರೆ. "ಬಿ.ಎಡ್. ಮಾಡಿದ್ದೀ, ಮನೆಯಲ್ಲಿ ಸುಮ್ಮನೆ ಕೂತಿದ್ದೀ, ಕುರ್ಚಿ ಸಂಜೆ ಮುಗಿಯುವವರೆಗೆ ಬಾ," ಅಂದರು. ಕುರ್ಚಿ ಸಂಜೆ ಫೆಬ್ರವರಿ ಆರಕ್ಕೆ. ನನ್ನ ರೈಲು ಎಂಟಕ್ಕೆ. ಯಾರೋ ಕೂತು ಹೊಂದಿಸಿದಂತಿದೆ!

ಅತ್ತೆಗೆ ಕುರ್ಚಿ ಸಂಜೆ ಅಂದರೇನು ಅಂತ ವಿವರಿಸುವಷ್ಟರಲ್ಲಿ ರೊಟ್ಟಿ ಸೀದಿತು. ಹತ್ತನೆಯವರು ಶಾಲೆ ಬಿಡುವ ಮೊದಲು ಒಬ್ಬೊಬ್ಬರಾಗಿ ವೇದಿಕೆಯ ಮೇಲೆ ಕುರ್ಚಿಯಲ್ಲಿ ಕೂರುತ್ತಾರೆ. ಒಂಬತ್ತನೆಯವರಲ್ಲಿ ಒಬ್ಬರು ಬಂದು ಅವರಂತೆ ನಡೆದು, ಮಾತಾಡಿ, ನಕ್ಕು ತೋರಿಸಿ ಕೊನೆಗೆ ಸಭೆಯನ್ನು ಕೇಳಬೇಕು: ನಾನು ಯಾರು? ಇಡೀ ಹಾಲ್ ಹೆಸರು ಕೂಗುತ್ತದೆ. ಕುರ್ಚಿಯಲ್ಲಿದ್ದವರು ಒಂದೇ ಒಂದು ಮಾತು ಹೇಳಿ ಇಳಿಯುತ್ತಾರೆ. ಅಷ್ಟೇ. ಆದರೆ ಅದೇ ನಮ್ಮ ಶಾಲೆ ಬಿಟ್ಟವರಿಗೆಲ್ಲ ಉಳಿಯುವ ನೆನಪು. ನನ್ನ ಪಾತ್ರ ಮಾಡಿದ ಹುಡುಗಿ ಬಾಯಿ ತೆರೆಯುವ ಮೊದಲೇ "ದಾನೇಶ್ವರಿ" ಅಂತ ಹಾಲ್ ಕೂಗಿತ್ತು.

"ಅಂದ್ರ ಒಬ್ಬರನ್ನೊಬ್ಬರು ಅಣಕಸೂದು," ಅಂದರು ಅತ್ತೆ. "ಅದಕ್ಕ ಫೀ ಕಟ್ಟಿ ಕಲೀಬೇಕೇನು? ನಮ್ಮ ಓಣ್ಯಾಗ ಪುಕ್ಕಟ ಐತಿ."

ಜನವರಿ 6, ಸೋಮವಾರ

ಮೊದಲ ದಿನ! ಹತ್ತನೆಯಲ್ಲಿ ಒಂಬತ್ತೇ ಮಕ್ಕಳು, ಒಂಬತ್ತನೆಯಲ್ಲಿ ಹನ್ನೊಂದು. ಅದೇ ಹಾಲ್, ಹಸಿರು ಕಿಟಕಿಗಳು, ಅದೇ ಮೇಣದ ವಾಸನೆ. ನನ್ನ ಕಣ್ಣು ತುಂಬಿತು.

ಸಿಸ್ಟರ್ ಬಿಬಿಯಾನಾ ಸಾಸಿವೆ ಡಬ್ಬಿಯಲ್ಲಿ ಚೀಟಿ ಹಾಕಿ, ಯಾರು ಯಾರ ಪಾತ್ರ ಮಾಡಬೇಕು ಅಂತ ಎತ್ತಿಸುತ್ತಿದ್ದರು. ನನಗದು ಯಾವತ್ತೂ ಸೇರುತ್ತಿರಲಿಲ್ಲ, ಲಾಟರಿಯ ಹಾಗೆ. ಅದಕ್ಕೇ ಒಂಬತ್ತನೆಯವರಿಗೆ ಹೇಳಿದೆ: "ಈ ಸಲ ಚೀಟಿ ಇಲ್ಲ. ನಿಮಗೆ ಯಾರ ಮೇಲೆ ಪ್ರೀತಿಯೋ ಅವರನ್ನೇ ಆರಿಸಿಕೊಳ್ಳಿ. ಯಾರನ್ನು ಅಂತ ನನಗೂ ಹೇಳಬೇಡಿ, ಮೊದಲ ತಾಲೀಮಿನಲ್ಲಿ ತೋರಿಸಿ." ಮಕ್ಕಳು ಬೆಂಚು ಬಡಿದು ಕುಣಿದರು.

ಶಿವಾನಿ ಅಂತ ಒಬ್ಬಳಿದ್ದಾಳೆ ಒಂಬತ್ತನೆಯಲ್ಲಿ, ಬಲು ಕಿಲಾಡಿ. ಊಟದ ಹೊತ್ತಿಗೆ ಹಾಲ್‌ನಿಂದ ನಗು ಕೇಳಿ ಇಣುಕಿದರೆ ಅವಳು ನನ್ನನ್ನೇ ಅಣಕಿಸುತ್ತಿದ್ದಳು. ಮೇಜಿನ ಕೆಳಗೆ ಫೋನ್ ನೋಡುವುದು, ತುಟಿ ಕಚ್ಚಿ ನಗುವುದು, ಬಳೆ ತಿರುಗಿಸುವುದು, ಮತ್ತೆ ಫೋನ್. ಸಿಟ್ಟು ಬರಲಿಲ್ಲ. ಕಾಶಿನಾಥನಿಗೆ ಫೋನ್ ಮಾಡಿ ಹೇಳಿದೆ. ತುಂಬಾ ನಕ್ಕ.

ಜನವರಿ 15, ಬುಧವಾರ

ಬಸ್ಸು ದಣಿಸುತ್ತದೆ. ಕಬ್ಬಿನ ಹಂಗಾಮು. ಮುಂದೆ ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್ ಸಿಕ್ಕಿತೆಂದರೆ ಗೋಕಾಕ ಬರುವವರೆಗೆ ಅದರ ಬಾಲವೇ. ಒಲೆಯ ಮುಂದೆ ತೂಕಡಿಸಿದೆ ಅಂತ ಅತ್ತೆ ಬೈದರು.

ಇವತ್ತು ಮೊದಲ ತಾಲೀಮು. ಹತ್ತನೆಯ ಸಪ್ನಾಳನ್ನು ನಾಲ್ವರು ಆರಿಸಿದ್ದಾರೆ. ಅವಳು ಹಾಡುತ್ತಾಳೆ, ಥ್ರೋಬಾಲ್ ಆಡುತ್ತಾಳೆ, ಜಗಳವನ್ನೂ ಚೆನ್ನಾಗಿ ಆಡುತ್ತಾಳೆ. ಉಳಿದ ಏಳು ಜನ ತಲಾ ಒಬ್ಬರನ್ನು. ಲೆಕ್ಕ ಹಾಕಿದರೆ ಒಬ್ಬಳು ಉಳಿದಳು, ಕಸ್ತೂರಿ. ಮಮದಾಪುರದಿಂದ ಬರುವ ಹುಡುಗಿ. ಹಾಜರಿ ಕರೆಯುವಾಗ ಅವಳ ದನಿ ಕೇಳಿದ್ದೇನೆಯೇ ಅಂತ ಯೋಚಿಸಿದೆ, ನೆನಪಾಗಲಿಲ್ಲ.

ಸಪ್ನಾಳ ನಾಲ್ವರಲ್ಲಿ ಒಬ್ಬರನ್ನು ಒಪ್ಪಿಸಿದರಾಯಿತು. ಸಣ್ಣ ವಿಷಯ.

ಜನವರಿ 19, ರವಿವಾರ

ಹುಕ್ಕೇರಿಗೆ ಹೋಗಿಬಂದೆ. ಒಬ್ಬಳೇ, ಎರಡು ಬಸ್ಸು ಬದಲಿಸಿ. ಹೋಗುವ ಮೊದಲು ಹೆದರಿಕೆ ಇತ್ತು, ಬಸ್ಸಿನಲ್ಲಿ ನಿದ್ದೆ ಬಂದದ್ದರಿಂದ ಹೆದರಲು ಸಮಯ ಸಿಗಲಿಲ್ಲ.

ಸಿಸ್ಟರ್ ಬಿಬಿಯಾನಾ ಸಣ್ಣಗಾಗಿದ್ದಾರೆ. ಮಂಗಳೂರು ಕಡೆಯ ಅದೇ ಮಾತು. ನಾನು ದಿಲ್ಲಿಯ ಮನೆ, ಗೋಡೆಯ ಬಣ್ಣ, ಎಲ್ಲ ಹೇಳಿದೆ. ಕೊನೆಗೆ ಕಸ್ತೂರಿಯ ವಿಷಯ ಹೇಳಿದೆ.

"ಚೀಟಿ ಹಾಕಲಿಲ್ಲವಾ ನೀನು?"

ಇಲ್ಲ ಅಂದೆ.

"ಚೀಟಿ ಯಾಕೆ ಇಟ್ಟದ್ದು ಅಂತ ಗೊತ್ತುಂಟಾ? ಪ್ರತಿ ವರ್ಷ ಒಬ್ಬರನ್ನಾದರೂ ಯಾರೂ ನೋಡಿರುವುದಿಲ್ಲ. ಚೀಟಿ ಬಂದರೆ ನೋಡಲೇಬೇಕಾಗ್ತದೆ." ಆಮೇಲೆ ಕಣ್ಣು ಮುಚ್ಚಿ, "ಕಸ್ತೂರಿ. ಕಿಟಕಿ ಮುಚ್ಚುವ ಹುಡುಗಿಯಲ್ಲವಾ?" ಅಂದರು.

ಯಾವ ಕಿಟಕಿ ಅಂತ ನನಗೆ ಗೊತ್ತಾಗಲಿಲ್ಲ. ಕೇಳಲೂ ಇಲ್ಲ, ಅವರಿಗೆ ನೋವಿನ ಮಾತ್ರೆಯ ಹೊತ್ತಾಗಿತ್ತು.

ಜನವರಿ 22, ಬುಧವಾರ

ಕೆಟ್ಟ ದಿನ. ಶಿವಾನಿಯನ್ನು ವೇಷದ ಪೆಟ್ಟಿಗೆಯ ಕೋಣೆಗೆ ಕರೆದು, ಸಪ್ನಾಳನ್ನು ಬಿಟ್ಟು ಕಸ್ತೂರಿಯನ್ನು ತಗೋ ಅಂದೆ. ಅವಳು ಹಟ ಮಾಡಲಿಲ್ಲ. ಖರೇನೇ ಯೋಚಿಸಿದಳು. ಆಮೇಲೆ ಹೇಳಿದಳು:

"ಮಾಡ್ತಿದ್ನಿರಿ ಮಿಸ್. ಆದ್ರ ಅಕಿ ಏನ್ ಮಾಡ್ತಾಳ್ರಿ? ಏನೂ ಮಾಡಂಗಿಲ್ಲ. ನಾ ಹೋಗಿ ಸುಮ್ಮನ ನಿಂತ್ರ ಯಾರ್ ಅಂತ ಯಾರಿಗೆ ತಿಳೀತೈತ್ರಿ?"

ಬಾಗಿಲಲ್ಲಿ ಕಸ್ತೂರಿ ನಿಂತಿದ್ದಳು, ಕೈಯಲ್ಲಿ ಕೋಣೆಯ ಬೀಗದ ಕೈ. ಕೊಡಲು ಬಂದಿದ್ದಳು. ಮೇಜಿನ ಮೇಲೆ ಇಟ್ಟು ಹೋದಳು. ಶಿವಾನಿ ಅತ್ತಳು. ಅಳಬೇಕಾದವಳು ಅವಳಲ್ಲ.

ಫೋನ್ ಮಾಡಲಿಲ್ಲ ಅಂತ ಕಾಶಿನಾಥ ಮೆಸೇಜ್ ಹಾಕಿದ್ದಾನೆ. ನಾಳೆ.

ಜನವರಿ 24, ಶುಕ್ರವಾರ

ಹತ್ತನೆಯವರಿಗೆ ಪೂರ್ವಸಿದ್ಧತಾ ಪರೀಕ್ಷೆ ಬಂತು. ಕುರ್ಚಿ ಸಂಜೆ ಫೆಬ್ರವರಿ ಹದಿನೈದಕ್ಕೆ ಹೋಯಿತು. ಅಷ್ಟರಲ್ಲಿ ನಾನು ದಿಲ್ಲಿಯಲ್ಲಿರುತ್ತೇನೆ. ಪ್ರಿನ್ಸಿಪಾಲ್ ಸಿಸ್ಟರ್, ಕೆಮಿಸ್ಟ್ರಿಯ ಸರ್ ನೋಡಿಕೊಳ್ಳುತ್ತಾರೆ, ನೀನು ನಿಶ್ಚಿಂತೆಯಿಂದ ಹೊರಡು ಅಂದರು. ಕೆಮಿಸ್ಟ್ರಿಯ ಸರ್‌ಗೆ ನಗುವವರನ್ನು ಕಂಡರೇ ಆಗುವುದಿಲ್ಲ.

ಜನವರಿ 25, ಶನಿವಾರ

ಅರ್ಧ ದಿನದ ಶಾಲೆ. ಬಿಟ್ಟಮೇಲೆ ಕಸ್ತೂರಿ ನನ್ನ ಮೇಜಿಗೆ ಬಂದಳು. ಹದಿನೈದಕ್ಕೆ ತಾನು ಬರುವುದಿಲ್ಲ, ಅವ್ವನಿಗೆ ಆರಾಮಿಲ್ಲ ಅಂದಳು. ಮೂರು ವಾರದ ಆಚೆಗೆ ಅವ್ವನಿಗೆ ಆರಾಮಿರುವುದಿಲ್ಲ ಅಂತ ಈಗಲೇ ಹೇಗೆ ಗೊತ್ತು ಅಂತ ಕೇಳಲು ಬಾಯಿ ಬರಲಿಲ್ಲ. ನಾನೇ ನಿನ್ನ ಪಾತ್ರ ಮಾಡುತ್ತೇನೆ ಅಂದುಬಿಟ್ಟೆ. ಹಳೆಯ ವಿದ್ಯಾರ್ಥಿನಿ ಮಾಡಬಾರದು ಅಂತ ನಿಯಮವೇನೂ ಇಲ್ಲ.

ಅವಳು ನನ್ನ ಮುಖ ನೋಡಿದ್ದು ಇದೇ ಮೊದಲು.

"ಕನಿಕರ ಬ್ಯಾಡ್ರಿ ಮಿಸ್," ಅಂದಳು. "ಮಂದಿ ಮುಂದ ಕುಂತು, ಯಾರೂ ಹೆಸರು ಕರೀಲಿಲ್ಲಂದ್ರ ಇಳಿದು ಬರಾಕ ಆಗೂದಿಲ್ರಿ. ಮತ್ತ ನೀವು ಎಂಟಕ್ಕ ಹೊಂಟೀರಿ. ಎಲ್ಲಾರಿಗೂ ಗೊತ್ತೈತಿ."

ಅವಳು ತಿರುಗಿ ಹಾಲ್‌ಗೆ ಹೋದಳು. ಬಸ್ಸು ತಪ್ಪಿದರೆ ತಪ್ಪಲಿ ಅಂತ ಹಿಂದೆಯೇ ಹೋಗಿ ಬಾಗಿಲ ಸಂದಿಯಿಂದ ನೋಡಿದೆ. ಕಿಟಕಿ ಮುಚ್ಚುತ್ತಿದ್ದಳು, ಒಂದೊಂದಾಗಿ. ಕೊನೆಯದರ ಚಿಲಕ ಮುರಿದಿದೆ. ಅದನ್ನು ಮೊಣಕಾಲಿನಿಂದ ಒತ್ತಿ ಹಿಡಿದು, ಸಂದಿಗೆ ಕಾಗದದ ಮಡಿಕೆ ತುರುಕಿದಳು. ಆಮೇಲೆ ಪಕ್ಕದ ನಾಲ್ಕೂ ತರಗತಿ ಕೋಣೆಗಳಲ್ಲಿ ಅದೇ ಕೆಲಸ.

ಆಗ ಹೊಳೆಯಿತು. ಸಕ್ಕರೆ ಕಾರ್ಖಾನೆ ಶುರುವಾದಾಗಿನಿಂದ ಗಾಳಿಗೆ ಕಪ್ಪು ಬೂದಿ ಹಾರಿ ಬರುತ್ತದೆ. ಮೂಡಲಗಿಯಲ್ಲಿ ಒಣಹಾಕಿದ ಬಿಳಿ ಬಟ್ಟೆಯ ಮೇಲೆಲ್ಲ ಅದೇ. ಶಾಲೆಯ ಬೆಂಚುಗಳು ಮಾತ್ರ ಬೆಳಿಗ್ಗೆ ಚೊಕ್ಕಟವಾಗಿರುತ್ತವೆ. ಅದು ಹೇಗೆ ಅಂತ ನನಗೆ ಒಂದು ದಿನವೂ ಅನ್ನಿಸಿರಲಿಲ್ಲ.

ಮುಂದಿನ ಬಸ್ಸಿನಲ್ಲಿ ನಿಂತುಕೊಂಡೇ ಬಂದೆ. ಅತ್ತೆಗೆ ಎಲ್ಲ ಹೇಳಿದೆ. ಅವರು ಸೊಪ್ಪು ಸೋಸುತ್ತಾ, "ಹೇಳಿದಿ ಅಂದಮ್ಯಾಲ ಮಾಡಬೇಕು," ಅಂದರು.

ಜನವರಿ 28, ಮಂಗಳವಾರ

ಹದಿನೈದು ಮುಗಿಸಿಯೇ ಬರುತ್ತೇನೆ ಅಂತ ಕಾಶಿನಾಥನಿಗೆ ಹೇಳಿದೆ. ಅವನು ಕೂಗಾಡುವವನಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ತನ್ನ ರಜೆ ಮುಂದೆ ಹೋಗುವುದಿಲ್ಲ, ಅದನ್ನು ಬಿಟ್ಟುಕೊಟ್ಟರೆ ಬೇರೆಯವರಿಗೆ ಹೋಗುತ್ತದೆ, ಮತ್ತೆ ಬೇಸಿಗೆಯವರೆಗೆ ಸಿಗುವುದಿಲ್ಲ ಅಂದ. ಗೊತ್ತು ಅಂದೆ.

"ಹಂಗಾದ್ರ ನೀ ಹೆಂಗ ಬರ್ತಿ?"

"ಒಬ್ಬಾಕಿ ಬರ್ತೇನಿ."

ಅತ್ತ ಯಾರೋ ಸೀಟಿ ಊದುವುದು ಕೇಳುತ್ತಿತ್ತು. "ಆ ಹುಡುಗಿ ನಿನಗ ಏನಾಗಬೇಕು?" ಅಂತ ಕೇಳಿದ. ಏನೂ ಆಗಬೇಕಿಲ್ಲ ಅಂದೆ. ಅವನು ಫೋನ್ ಇಟ್ಟ.

ನಾನು ತಪ್ಪು ಮಾಡುತ್ತಿದ್ದೇನೋ ಏನೋ. ತಲೆ ಸಿಡಿಯುತ್ತಿದೆ. ಬೆಳಿಗ್ಗೆ ಮೊದಲ ಬಸ್ಸು.

ಜನವರಿ 31, ಶುಕ್ರವಾರ

ಎಂಟಕ್ಕೆ ಹೋಗುವುದಿಲ್ಲ, ರೈಲು ಬಿಟ್ಟೆ ಅಂತ ಕಸ್ತೂರಿಗೆ ಹೇಳಿದೆ. ಬರುತ್ತೀಯಾ ಅಂದರೆ, "ನೋಡ್ತೇನ್ರಿ."

ಈ ವಾರ ನೋಡಿದ್ದು: ಬ್ಯಾಗನ್ನು ಬೆನ್ನಿಗಲ್ಲ, ಎದೆಗೆ ಹಾಕಿಕೊಳ್ಳುತ್ತಾಳೆ, ಬಸ್ಸಿನಲ್ಲಿ ಇನ್ನೊಬ್ಬರಿಗೆ ಜಾಗ ಆಗಲಿ ಅಂತ. ನಗುವಾಗ ಬಾಯಿಗೆ ಕೈ. ಬೋರ್ಡಿನ ಕೆಳಗೆ ಬಿದ್ದ ಸೀಮೆಸುಣ್ಣದ ಚೂರುಗಳನ್ನು ಆರಿಸಿ ಡಬ್ಬಿಗೆ ಹಾಕುತ್ತಾಳೆ. ಯಾರಾದರೂ ಪೆನ್ನು ಕೇಳಿದರೆ ಮುಚ್ಚಳ ತೆಗೆದೇ ಕೊಡುತ್ತಾಳೆ.

ಮನೆಗೆ ಬಂದರೆ ಅತ್ತೆ ಅದನ್ನೇ ಕೇಳುತ್ತಾರೆ. "ಇವತ್ತೇನ್ ಮಾಡಿದ್ಳು ನಿಮ್ಮ ಕಸ್ತೂರಿ?" ಹೇಳುತ್ತಾ ಹೇಳುತ್ತಾ ಗೋಡೆಗೊರಗಿ ನಿದ್ದೆ ಹೋಗಿರುತ್ತೇನೆ.

ಫೆಬ್ರವರಿ 4, ಮಂಗಳವಾರ

ಪರೀಕ್ಷೆ. ತಾಲೀಮು ಇಲ್ಲ. ಮೊಣಕಾಲಿನಿಂದ ಕಿಟಕಿ ಒತ್ತುವುದನ್ನು ಮನೆಯಲ್ಲಿ ಅಭ್ಯಾಸ ಮಾಡಿದೆ. ಎಮ್ಮೆ ಬೆದರಿತು. ಅತ್ತೆ ಈ ಸಲ ಏನೂ ಅನ್ನಲಿಲ್ಲ.

ಫೆಬ್ರವರಿ 8, ಶನಿವಾರ

ಇವತ್ತು ಹೊರಡಬೇಕಿತ್ತು.

ಫೆಬ್ರವರಿ 12, ಬುಧವಾರ

ಶಾಲೆ, ಬಸ್ಸು, ಟ್ರ್ಯಾಕ್ಟರ್, ರೊಟ್ಟಿ. ರಜೆ ಬಿಟ್ಟುಕೊಟ್ಟು ದಿಲ್ಲಿಯಲ್ಲೇ ಉಳಿದ ಕಾಶಿನಾಥ ದಿನಕ್ಕೊಂದು ಮಾತು ಕಳಿಸುತ್ತಾನೆ. "ಊಟ ಆತು." ನಾನೂ "ಆತು" ಅಂತ ಕಳಿಸುತ್ತೇನೆ. ಇವತ್ತು ಅದರ ಜೊತೆ ಒಂದು ಚಿತ್ರ ಇತ್ತು, ಅಡುಗೆಮನೆಯ ಗೋಡೆಯದು. ತಿಳಿ ಹಳದಿ. ಬಹಳ ಹೊತ್ತು ನೋಡಿದೆ.

ಫೆಬ್ರವರಿ 15, ಶನಿವಾರ

ಈಗಷ್ಟೇ ಮನೆ ಮುಟ್ಟಿದ್ದೇವೆ, ಅತ್ತೆ ಮತ್ತು ನಾನು. ಹೌದು, ಅತ್ತೆ ಬಂದಿದ್ದರು. ಬೆಳಿಗ್ಗೆ ಇಳಕಲ್ ಸೀರೆ ಉಟ್ಟು ಬಾಗಿಲಲ್ಲಿ ನಿಂತು, "ಪುಕ್ಕಟ ಅಣಕಸೂದು ನೋಡೀನಿ, ಫೀ ಕಟ್ಟಿ ಅಣಕಸೂದು ಹೆಂಗಿರತೈತಿ ನೋಡಾಕ ಬರ್ತೇನಿ," ಅಂದರು. ಕಾಲು ನೋಯುತ್ತಿದೆ, ಆದರೂ ಬರೆದೇ ಮಲಗುತ್ತೇನೆ.

ಕಸ್ತೂರಿ ಬರುತ್ತಾಳೋ ಇಲ್ಲವೋ ಅಂತ ಕೊನೆಯವರೆಗೂ ಗೊತ್ತಿರಲಿಲ್ಲ. ಮಮದಾಪುರದ ಬಸ್ಸು ತಡವಾಗಿತ್ತು. ಕಾರ್ಯಕ್ರಮ ಶುರುವಾಗಿ ಇಬ್ಬರು ಕುರ್ಚಿಯಿಂದ ಇಳಿದ ಮೇಲೆ ಹಿಂದಿನ ಬಾಗಿಲಿಂದ ಬಂದು ಗೋಡೆಗೆ ಆತು ನಿಂತಳು, ಬ್ಯಾಗು ಎದೆಗೆ. ಸಪ್ನಾಳ ಸರದಿಗೆ ನಾಲ್ವರೂ ಒಟ್ಟಿಗೇ ಬಂದು ಒಬ್ಬರಿಗೊಬ್ಬರು ಜಗಳವಾಡಿದರು, ಹಾಲ್ ಹಾರಿಹೋಗುವಷ್ಟು ನಗು. ಅದಾದ ಮೇಲೆ ಒಂಬತ್ತನೆಯದಾಗಿ ಕಸ್ತೂರಿ ಕೂತಳು. ಅಂಚಿನಲ್ಲಿ, ಏಳಲು ಸಿದ್ಧಳಾಗಿ.

ನಾನು ಹತ್ತಿದೆ. ಬ್ಯಾಗು ಎದೆಗೆ ಹಾಕಿಕೊಂಡಿದ್ದೆ. ಟೀಚರ್ ಯಾಕೆ ಬಂದರು ಅಂತ ಗುಸುಗುಸು. ಬಗ್ಗಿ ಸೀಮೆಸುಣ್ಣದ ಚೂರು ಆರಿಸಿದೆ, ಡಬ್ಬಿಗೆ ಹಾಕಿದೆ. ಪೆನ್ನಿನ ಮುಚ್ಚಳ ತೆಗೆದು ಯಾರಿಗೋ ಕೊಟ್ಟೆ. ಬಾಯಿಗೆ ಕೈ ಇಟ್ಟು ನಕ್ಕೆ. ವೇದಿಕೆ ಇಳಿದು ಹಾಲ್‌ನ ಕಿಟಕಿಗಳನ್ನು ಒಂದೊಂದಾಗಿ ಮುಚ್ಚುತ್ತಾ ಹೋದೆ, ಕೊನೆಯದನ್ನು ಮೊಣಕಾಲಿನಿಂದ ಒತ್ತಿ, ಕಾಗದ ತುರುಕಿ, ಬೆಂಚಿನ ಮೇಲೆ ಬೆರಳಾಡಿಸಿ ಬೂದಿ ಇದೆಯೇ ಅಂತ ನೋಡಿದೆ. ಇರಲಿಲ್ಲ. ತಿರುಗಿ ಕೇಳಿದೆ, "ನಾನು ಯಾರು?"

ಯಾರೂ ಮಾತಾಡಲಿಲ್ಲ.

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಕಸ್ತೂರಿಯ ಕೈ ಕುರ್ಚಿಯ ಅಂಚು ಹಿಡಿದಿತ್ತು. ಇನ್ನೊಮ್ಮೆ ಕೇಳಬೇಕೋ ಬೇಡವೋ ಅನ್ನುವಷ್ಟರಲ್ಲಿ ಕೊನೆಯ ಸಾಲಿನಿಂದ, ಪಾಲಕರು ಕೂರುವ ಕಡೆಯಿಂದ, ಒಂದು ದನಿ:

"ಏ, ಅಕಿ ನಮ್ಮ ಕಸ್ತೂರಿ ಅಲ್ಲೇನು? ಎಲ್ಲಾರೂ ಯಾಕ ಹಂಗ ಕುಂತೀರಿ?"

ಅತ್ತೆ. ಕಸ್ತೂರಿಯನ್ನು ಜೀವಮಾನದಲ್ಲಿ ನೋಡಿರದ ನಮ್ಮ ಅತ್ತೆ, ಸುಂದ್ರವ್ವ. ಹಾಲ್ ನಕ್ಕಿತು. ಆಮೇಲೆ ಯಾರೋ ಬೆಂಚಿನ ಮೇಲೆ ಕೈಯಾಡಿಸಿ ನೋಡಿದರು. ಪಕ್ಕದವರೂ ನೋಡಿದರು. ಶಿವಾನಿ ಎದ್ದು ನಿಂತು "ಕಸ್ತೂರಿ" ಅಂದಳು, ನಗದೆ. ಮತ್ತೊಬ್ಬರು. ಕೊನೆಗೆ ಒಂದನೇ ತರಗತಿಯ ಮಕ್ಕಳೂ ಸೇರಿ ಕೂಗಿದರು, ಯಾಕೆ ಅಂತ ಗೊತ್ತಿಲ್ಲದೆಯೂ.

ಕುರ್ಚಿಯಲ್ಲಿದ್ದವರು ಒಂದು ಮಾತು ಹೇಳಬೇಕು. ಕಸ್ತೂರಿ ನನ್ನತ್ತ ನೋಡಿದಳು.

"ಎಡಗಾಲ್ರಿ ಮಿಸ್," ಅಂದಳು, ಕೊನೆಯ ಸಾಲಿಗೂ ಕೇಳುವಂತೆ. "ಬಲಗಾಲಿಲೆ ಒತ್ತಿದ್ರ ಅದು ಮತ್ತ ತೆರೀತೈತಿ."

ನಾವೆಲ್ಲ ತಿರುಗಿ ನೋಡಿದರೆ ಕಿಟಕಿ ಖರೇನೇ ತೆರೆದುಕೊಂಡಿತ್ತು. ಅಷ್ಟು ನಗು ಸಪ್ನಾಳಿಗೂ ಬಂದಿರಲಿಲ್ಲ. ಕಸ್ತೂರಿಯೂ ನಕ್ಕಳು. ಕೈ ಮಡಿಲಲ್ಲೇ ಇತ್ತು.

ಮುಗಿಯಿತು ಅಂತ ನನ್ನ ಜಾಗಕ್ಕೆ ಹೋಗುತ್ತಿದ್ದೆ. ಶಿವಾನಿ ತಡೆದು ನನ್ನನ್ನೇ ಕುರ್ಚಿಯಲ್ಲಿ ಕೂರಿಸಿದಳು. ಆಮೇಲೆ ಯಾರೋ ಹೆಂಗಸಿನ ಹಾಗೆ ನಡೆದು ಬಂದಳು. ಭುಜದ ಮೇಲೆ ಬ್ಯಾಗು ಜಾರುತ್ತಿತ್ತು. ಫೋನ್ ಸದ್ದಾಯಿತು, ನೋಡದೆ ಬ್ಯಾಗಿನೊಳಗೆ ಹಾಕಿದಳು. ಬಾಗಿಲ ಹತ್ತಿರ ನಿಂತು ಯಾರನ್ನೋ ಬಹಳ ಹೊತ್ತು ನೋಡಿದಳು. ಬೆಂಚಿನಲ್ಲಿ ಕೂತು ಹಾಗೇ ಕಣ್ಣು ಮುಚ್ಚಿದಳು, ಎಚ್ಚರವಾಗಿ "ಇನ್ನೊಮ್ಮೆ ಮಾಡ್ರಿ" ಅಂದಳು. ಬಳೆ ಮುಟ್ಟಲೇ ಇಲ್ಲ. ಯಾರೋ ಹಳೆಯ ಟೀಚರ್ ಪಾತ್ರ ಮಾಡುತ್ತಿದ್ದಾಳೆ, ಸಿಸ್ಟರ್ ಬಿಬಿಯಾನಾ ಇರಬೇಕು ಅಂದುಕೊಂಡೆ.

"ನಾನು ಯಾರು?" ಅಂದಳು.

ಹಾಲ್ ನನ್ನ ಹೆಸರು ಕೂಗಿತು. ಯಾಕೋ ಗೊತ್ತಿಲ್ಲ. ಒಂದು ಚೂರೂ ನನ್ನ ಹಾಗಿರಲಿಲ್ಲ. ಶಿವಾನಿಗೆ ಈ ಸಲ ಹದ ತಪ್ಪಿದೆ. ಬಸ್ಸಿನಲ್ಲಿ ಅತ್ತೆಗೆ ಹಾಗೇ ಅಂದೆ. ಅವರು ಕಿಟಕಿಯ ಆಚೆ ಕಬ್ಬಿನ ಟ್ರ್ಯಾಕ್ಟರ್ ನೋಡುತ್ತಾ, "ಹೌದೌದು, ಭಾಳ ತಪ್ಪೇತಿ," ಅಂದರು.

ಫೆಬ್ರವರಿ 16, ರವಿವಾರ

ಬಹಳ ಹೊತ್ತು ಮಲಗಿದೆ. ಅತ್ತೆ ಎಬ್ಬಿಸಲಿಲ್ಲ. ಎದ್ದಾಗ ನಾಳೆ ರೈಲಿನ ದಾರಿಗೆ ಅಂತ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಟ್ಟಿದ್ದರು. ಬೆಳಗಾವಿವರೆಗೆ ಬರಲೇನು ಅಂತ ಕೇಳಿದರು. ಬೇಡ ಅಂದೆ. ಎಮ್ಮೆಗೆ ಮೇವು ಹಾಕುವವರು ಯಾರು.

ಹುಕ್ಕೇರಿಗೆ ಫೋನ್ ಮಾಡಿದೆ. ಸಿಸ್ಟರ್ ಎಲ್ಲ ಕೇಳಿ, "ಎಡಗಾಲು ಅಂತ ನನಗೆ ಗೊತ್ತಿತ್ತು," ಅಂದರು. ಮುಂದಿನ ವರ್ಷಕ್ಕೆ ಸಾಸಿವೆ ಡಬ್ಬಿ ಎಲ್ಲಿಟ್ಟಿದ್ದೇನೆ ಅಂತ ಹೇಳಿದೆ.

ಆಮೇಲೆ ಕಾಶಿನಾಥನಿಗೆ. ಹಾಲ್‌ನ ಕತೆ ಹೇಳುತ್ತಾ ಹೋದೆ, ಅವನು ಹ್ಞೂಂ, ಹ್ಞೂಂ ಅನ್ನುತ್ತಿದ್ದ. ಕಿಟಕಿ ತೆರೆದುಕೊಂಡಿತು ಅಂದಾಗ ನಕ್ಕುಬಿಟ್ಟ. ಮದುವೆಯಾದ ವಾರದ ಅದೇ ನಗು. ದಿಲ್ಲಿಯ ಅಡುಗೆಮನೆ ಕಿಟಕಿಯೂ ಸರಿಯಾಗಿ ಮುಚ್ಚುವುದಿಲ್ಲ ಅಂದ. ನಾನು ನೋಡುತ್ತೇನೆ ಬಿಡು ಅಂದೆ. ಸ್ಟೇಷನ್ನಿಗೆ ಬರಲು ಡ್ಯೂಟಿ ಬಿಡಿಸಿಕೊಳ್ಳಬೇಕು, ಆಗುತ್ತದೋ ಇಲ್ಲವೋ ಅಂದ. ಸಾಧ್ಯವಾದರೆ ಬಾ, ಆಗದಿದ್ದರೆ ಮನೆಯ ವಿಳಾಸ ಕಳಿಸು, ನಾನೇ ಕೇಳಿಕೊಂಡು ಬರುತ್ತೇನೆ ಅಂದೆ. ಮೆಸೇಜಿನಲ್ಲೂ ಬರೆದು ಹಾಕಿದೆ, ಮರೆಯದಿರಲಿ ಅಂತ:

ಬುಧವಾರ ಬೆಳಿಗ್ಗೆ, ಗೋವಾ ಎಕ್ಸ್‌ಪ್ರೆಸ್, ನಿಜಾಮುದ್ದೀನ್ ಸ್ಟೇಷನ್.